ಹೆಬ್ಬೆರಳಿನ ಉಗುರೂ ತೊರಗಲ್ಲಿನ ಹೊಸ ಮನೆಯೂ

ನಮ್ಮ ಹಿತ್ತಲಿನಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬೋಗುಣಿ ಇದೆ. ಈಗ ಅದರಲ್ಲಿ ಕರಿಬೇವಿನ ಗಿಡ ಬೆಳೆದಿದೆ. ತಳಕ್ಕೆ ಮೂರು ತೂತು ಕೊರೆದು ಮಣ್ಣು ತುಂಬಿದವಳು ನನ್ನ ಹೆಂಡತಿ ಗಿರಿಜಾ. ಎಲೆ ಕೇಳಲು ಬಂದ ನೆರೆಯವರು "ಎಂಥಾ ಘಮ ಐತ್ರಿ ನಿಮ್ಮ ಕರಿಬೇವು" ಎಂದಾಗಲೆಲ್ಲ ಅವಳು ನನ್ನ ಕಡೆ ನೋಡಿ ತುಟಿ ಬಿಗಿ ಹಿಡಿಯುತ್ತಾಳೆ. ಆ ಬೋಗುಣಿಯಲ್ಲಿ ಒಂದು ವರ್ಷ ಪೂರ್ತಿ, ದಿನಕ್ಕೆ ಇಪ್ಪತ್ತು ನಿಮಿಷ, ನನ್ನ ಬಲಗಾಲು ನೆನೆದಿತ್ತು ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ. ಈಗ ನಿಮಗೂ ಗೊತ್ತಾಯಿತು. ನಮ್ಮ ಮನೆಗೆ ಬಂದು ಒಗ್ಗರಣೆ ಹಾಕಿದ ಅವಲಕ್ಕಿ ತಿನ್ನುವಾಗ ದಯವಿಟ್ಟು ಮರೆತುಬಿಡಿ.

ನಾನು ಹೇಳಹೊರಟದ್ದು ಉಗುರಿನ ವಿಷಯ. ಕಾಲಿನ ಹೆಬ್ಬೆರಳಿನ ಉಗುರು, ಅದರಲ್ಲೂ ಬಲಗಾಲಿನದು. ಇಷ್ಟು ಸಣ್ಣ ವಸ್ತುವಿನ ಮೇಲೆ ಇಷ್ಟು ದೊಡ್ಡ ಮಾತೇಕೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಹುಟ್ಟಿನಿಂದ ಮೂವತ್ತೆಂಟನೆಯ ವಯಸ್ಸಿನವರೆಗೆ ನಾನು ಆ ಉಗುರನ್ನು ಕತ್ತರಿಸಿದ್ದೆನೇ ಹೊರತು ನೋಡಿರಲಿಲ್ಲ.

ಆಗ, ಅಂದರೆ ತೊಂಬತ್ತರ ದಶಕದಲ್ಲಿ, ನಮ್ಮ ಮನೆ ಈಗಿನಂತೆಯೇ ಬೈಲಹೊಂಗಲದಲ್ಲಿತ್ತು. ನೌಕರಿ ಕಿತ್ತೂರಿನ ಒಂದು ಹೈಸ್ಕೂಲಿನಲ್ಲಿ, ವಿಜ್ಞಾನದ ಮಾಸ್ತರಿಕೆ. ದಿನಾ ಬಸ್ಸಿನಲ್ಲಿ ಓಡಾಟ. ಮೊದಲು ಚಪ್ಪಲಿಯಲ್ಲೇ ಪಾಠ ಮಾಡುತ್ತಿದ್ದೆ. ಹೊಸದಾಗಿ ಬಂದ ಹೆಡ್ ಮಾಸ್ತರರಿಗೆ ಮಾಸ್ತರರೆಲ್ಲ ಬೂಟು ಹಾಕಬೇಕೆಂಬ ಆಸೆ ಹುಟ್ಟಿತು. ನಾನೂ ಒಂದು ಜೊತೆ ಕರಿ ಬೂಟು, ಎರಡು ಜೊತೆ ನೈಲಾನ್ ಕಾಲುಚೀಲ ಕೊಂಡೆ. ಮಳೆಗಾಲದಲ್ಲಿ ಎರೆಮಣ್ಣಿನ ರಾಡಿ ತುಳಿದು ಬಸ್ಸು ಹತ್ತಿದರೆ ಬೂಟಿನೊಳಗೆ ಸಂಜೆಯವರೆಗೂ ಪಿಚಪಿಚ. ರಾತ್ರಿ ತೊಳೆದ ಕಾಲುಚೀಲ ಬೆಳಿಗ್ಗೆಗೆ ಒಣಗುತ್ತಿರಲಿಲ್ಲ. ಹಸಿಯದನ್ನೇ ಏರಿಸಿ ಓಡುತ್ತಿದ್ದೆ.

ಉಗುರಿನ ಒಂದು ಮೂಲೆ ಹಳದಿಯಾಯಿತು. ಆಮೇಲೆ ಅರ್ಧ, ಆಮೇಲೆ ಪೂರ್ತಿ. ದಪ್ಪವಾಯಿತು, ಕತ್ತರಿಸಿದರೆ ಹಳೆಯ ಗೋಡೆಯ ಸುಣ್ಣದ ಹಾಗೆ ಪುಡಿಯಾಗಿ ಉದುರಿತು. ನೋವಿಲ್ಲ, ತುರಿಕೆಯಿಲ್ಲ. ನೋವಿಲ್ಲದ ರೋಗವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಪ್ರತಿವರ್ಷ ಒಂಬತ್ತನೆಯ ಇಯತ್ತೆಗೆ ನಾನು ಶಿಲೀಂಧ್ರಗಳ ಪಾಠ ಮಾಡುತ್ತಿದ್ದೆ. ಬ್ರೆಡ್ಡಿನ ಮೇಲಿನ ಬೂಷ್ಟಿನ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಅದಕ್ಕೆ ತೇವ, ಕತ್ತಲೆ, ಬೆಚ್ಚನೆಯ ಜಾಗ ಬೇಕೆಂದು ಗಂಟಲು ಹರಿದು ಹೇಳುತ್ತಿದ್ದೆ. ಆ ಮೂರೂ ನನ್ನ ಬೂಟಿನಲ್ಲೇ ಇವೆ, ಜೀವಂತ ಮಾದರಿ ಮೇಜಿನ ಕೆಳಗೇ ನಿಂತಿದೆ ಎಂಬುದು ಹೊಳೆಯಲು ನಾಲ್ಕು ವರ್ಷ ಬೇಕಾಯಿತು.

ಈಗ ನಮ್ಮ ಮನೆತನದ ವಿಷಯ ಹೇಳಬೇಕು. ನಾವು ಜಂಗಮರು. ನಮ್ಮ ಭಾಗದ ಲಿಂಗಾಯತ ಒಕ್ಕಲು ಮನೆಗಳಲ್ಲಿ ಮದುವೆ, ಗೃಹಪ್ರವೇಶ, ಶ್ರಾವಣ ಸೋಮವಾರ ಏನಿದ್ದರೂ ಅಯ್ಯನವರು ಬರಬೇಕು. ಅಯ್ಯನವರು ಎಂದರೆ ನಮ್ಮ ಅಪ್ಪ. ಪರಾತದಲ್ಲಿ, ಅಂದರೆ ಹಿತ್ತಾಳೆಯ ಅಗಲ ತಟ್ಟೆಯಲ್ಲಿ, ಅವರ ಪಾದ ಇರಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಎರಡೂ ಹೆಬ್ಬೆರಳುಗಳ ಮೇಲೆ ನೀರು ಬಿಡುತ್ತಾರೆ. ಆ ನೀರು ಪಾದೋದಕ. ಮನೆಮಂದಿಯೆಲ್ಲ ಅದನ್ನು ಅಂಗೈಯಲ್ಲಿ ಹಿಡಿದು ಕುಡಿಯುತ್ತಾರೆ. ಮತ್ತೊಮ್ಮೆ ಓದಿ: ಹೆಬ್ಬೆರಳುಗಳ ಮೇಲೆ ಬಿಟ್ಟ ನೀರು.

ಚಿಕ್ಕವನಿದ್ದಾಗ ಅಪ್ಪನ ಹಿಂದೆ ಸವದತ್ತಿ, ಸಿರಸಂಗಿ, ರಾಮದುರ್ಗದ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆ. ಒಮ್ಮೆ ಸಿರಸಂಗಿಯ ಒಬ್ಬ ಗೌಡಶಾನಿ, "ಸಣ್ಣ ಅಯ್ಯಾರದೂ ಆಗಲಿ" ಎಂದು ನನ್ನನ್ನೂ ಚೌರಂಗದ ಮೇಲೆ ಕೂರಿಸಿದಳು. ನನಗೆ ವಿಪರೀತ ಕಚಗುಳಿ. ಅಂಗಾಲಿಗೆ ಅವಳ ಬೆರಳು ತಾಗಿದ್ದೇ ತಡ, ಕಿಲಕಿಲನೆ ನಕ್ಕು ಕಾಲು ಕೊಡವಿದೆ. ಪರಾತದ ನೀರೆಲ್ಲ ಗೌಡರ ಅಂಗಿಯ ಮೇಲೆ. ಮನೆ ಹತ್ತಿರ ಬಂದಾಗ ಅಪ್ಪ, "ನಗಬಾರದು ಅಂತಲ್ಲ. ಕಾಲ ಗಟ್ಟಿ ಇಟ್ಟು ನಗಬೇಕು" ಎಂದರು. ಕಾಲೇಜಿಗೆ ಹೋದ ಮೇಲೆ ಕಚಗುಳಿ ಹೋಗಿ ಸಂಕೋಚ ಬಂತು. ನನಗಿಂತ ಮೂವತ್ತು ವರ್ಷ ಹಿರಿಯರು ನನ್ನ ಕಾಲಿಗೆ ಬಗ್ಗುವುದನ್ನು ನೋಡಲಾಗುತ್ತಿರಲಿಲ್ಲ. ಪರೀಕ್ಷೆ, ಪೇಪರು ತಿದ್ದುವ ಕೆಲಸ ಎಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತ ಬಂದೆ.

ನಾನು ಬೂಟು ಹಾಕತೊಡಗಿದ ನಾಲ್ಕನೆಯ ವರ್ಷ ಅಪ್ಪ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಅಷ್ಟೇ. ಅದೇ ಆಷಾಢದಲ್ಲಿ ತೊರಗಲ್ಲಿನಿಂದ ಈರಪ್ಪ ಬಂದ. ಅವನ ತಾಯಿ ನೀಲವ್ವ ಹಳೆಯ ಮಣ್ಣಿನ ಮನೆಯ ಪಕ್ಕದಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಶ್ರಾವಣದ ಮೊದಲ ಸೋಮವಾರ ಪ್ರವೇಶ. ಈರಪ್ಪ ಹುಟ್ಟುವ ಮೊದಲಿನಿಂದಲೂ ಆ ಮನೆಗೆ ನಮ್ಮ ಅಪ್ಪನೇ ಅಯ್ಯ. ಅಪ್ಪ ಮಂಚದ ಮೇಲಿಂದಲೇ ಹೇಳಿಬಿಟ್ಟರು: "ನನಗ ಬರಾಕ ಆಗೂದಿಲ್ಲಪಾ. ನನ್ನ ಮಗನ್ನ ಕಳಸತೇನಿ. ನೀಲವ್ವಗ ಹೇಳು, ಮಾತ ಕೊಟ್ಟೇನಿ."

ಆ ರಾತ್ರಿ ಕಾಲುಚೀಲ ತೆಗೆದವನು ಮೊದಲ ಬಾರಿ ನನ್ನ ಉಗುರನ್ನು ನೋಡಿದೆ. ಸೋಮವಾರಕ್ಕೆ ಮೂರು ವಾರ ಬಾಕಿ ಇತ್ತು.

ಮೂರು ವಾರದಲ್ಲಿ ನಾನು ಮಾಡದ ಮದ್ದಿಲ್ಲ. ಅರಿಶಿನ ಕಲಸಿ ಕಟ್ಟಿದೆ, ಹಾಸಿಗೆ ಹಳದಿಯಾಯಿತು. ಬೆಳ್ಳುಳ್ಳಿ ಜಜ್ಜಿ ಕಟ್ಟಿದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಬೇವಿನೆಣ್ಣೆ ಸುರಿದೆ. ನಮ್ಮ ಡ್ರಿಲ್ ಮಾಸ್ತರರು ಮದರಂಗಿ ಹಚ್ಚಲು ಹೇಳಿದರು. ರಾತ್ರಿ ದಪ್ಪಗೆ ಮೆತ್ತಿ ಮಲಗಿ ಬೆಳಿಗ್ಗೆ ತೊಳೆದರೆ ಉಗುರು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮೊದಲು ಕೆಳಗೆ ಬಗ್ಗಿ ನೋಡಿದರೆ ಮಾತ್ರ ಕಾಣುತ್ತಿದ್ದ ಉಗುರು ಈಗ ಬಾಗಿಲಿನಿಂದಲೇ ಕಾಣಿಸುತ್ತಿತ್ತು. "ಉಗುರಿಗೆ ಮದುವಿ ಗೊತ್ತಾಗೇತಿ ಕಾಣ್ಸತೈತಿ" ಎಂದಳು ಗಿರಿಜಾ.

ಕೊನೆಗೆ ಉಳಿದದ್ದು ಒಂದೇ ದಾರಿ. ಅಯ್ಯನ ಮಗನಿಗೆ ಮಾತ್ರ ಹೊಳೆಯಬಹುದಾದ ದಾರಿ. ಹೇಗಿದ್ದರೂ ಪಾದಕ್ಕೆ ವಿಭೂತಿ ಹಚ್ಚುತ್ತಾರೆ. ಅವರಿಗಿಂತ ಮೊದಲು ನಾನೇ ಹಚ್ಚಿಕೊಂಡು ಹೋದರೆ? ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಉಗುರಿನ ಮೇಲೆ ಮೂರು ಸಲ ಬಳಿದು ಒಣಗಿಸಿದೆ. ಎರಡೂ ಕಾಲಿಗೆ ಬಳಿದೆ, ಸಂಶಯ ಬರಬಾರದಲ್ಲ. ಕನ್ನಡಿ ನೆಲಕ್ಕಿಟ್ಟು ನೋಡಿಕೊಂಡೆ. ಸುಣ್ಣ ಹೊಡೆದ ಗೋಡೆಯಷ್ಟು ಚೊಕ್ಕಟವಾಗಿತ್ತು.

ಸವದತ್ತಿಯಲ್ಲಿ ಬಸ್ಸು ಬದಲಿಸಿ ತೊರಗಲ್ಲಿಗೆ ಹೋದೆ. ಊರ ಮೇಲಿನ ಕೋಟೆಯ ಗೋಡೆಯ ನೆರಳು ನೀಲವ್ವನ ಓಣಿಯವರೆಗೂ ಬಿದ್ದಿತ್ತು. ಹೊಸ ಮನೆ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು, ಕೀಲಿ ಹಾಕಿತ್ತು. ಪೂಜೆ ಅಂಗಳದಲ್ಲಿ. ಪಾದೋದಕ ತೆಗೆದುಕೊಂಡು, ಆಮೇಲೆ ಅಯ್ಯನವರನ್ನು ಮುಂದೆ ಮಾಡಿ ಒಳಗೆ ಹೋಗುವುದು ಅವರ ಮನೆಯ ಪದ್ಧತಿ. ನೀಲವ್ವ ಬಂದು ನನ್ನೆದುರು ಕುಳಿತಾಗ ನನಗೆ ಜೀವ ಬಂದಂತಾಯಿತು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಮುಖ ಇರುವ ಕಡೆ ಬಿಟ್ಟು ಕಿವಿಯ ಕಡೆ ನೋಡಿ, "ದನಿ ಅಪ್ಪಾರಂಗ ಐತಿ ನೋಡ್ರಿ" ಎಂದಳು. ಕುರುಡು ಕಣ್ಣಿಗೆ ನಾನು ಸಂತೋಷಪಟ್ಟೆ. ಅಷ್ಟು ಕೆಳಗಿಳಿದಿದ್ದೆ.

ಕಣ್ಣು ಹೋದವರು ಬೆರಳಿನಿಂದ ನೋಡುತ್ತಾರೆ ಎಂಬುದನ್ನು ವಿಜ್ಞಾನದ ಮಾಸ್ತರ ಮರೆತಿದ್ದ. ಅವಳು ಎಡಗಾಲು ಹಿಡಿದು ಹಿಮ್ಮಡಿಯಿಂದ ಬೆರಳಿನವರೆಗೆ ನಿಧಾನವಾಗಿ ತೊಳೆದಳು. ಒಂದೊಂದೇ ಬೆರಳನ್ನು ಮುಟ್ಟಿ ಸರಿದಳು. ಬಲಗಾಲಿಗೆ ಬಂದಳು. ವಿಭೂತಿ ಕರಗಿ ಹೋಯಿತು. ಅವಳ ಹೆಬ್ಬೆರಳು ನನ್ನ ಉಗುರಿನ ಮೇಲೆ ಬಂದು ನಿಂತಿತು. ಒಮ್ಮೆ ಆಚೆ, ಒಮ್ಮೆ ಈಚೆ ಸವರಿತು. ಆಮೇಲೆ ಅವಳು ತಂಬಿಗೆಗೆ ಕೈ ಹಾಕಿದಳು. ಉಗುರು ಮುಟ್ಟಿಯೂ ಅವಳು ಆ ನೀರು ಕುಡಿಯುತ್ತಾಳೆ ಎಂದು ನನಗೆ ಗೊತ್ತಾಯಿತು. ಕಾಲು ಹಿಂದಕ್ಕೆ ಎಳೆದುಕೊಂಡೆ.

"ಅಯ್ಯಾರ, ಕಾಲ ಯಾಕ ಹಿಂದ ತಗೊಂಡ್ರಿ?"

"ಯವ್ವಾ, ನನ್ನ ಉಗುರಿಗೆ ರೋಗ ಹತ್ತೈತಿ. ನಾಲ್ಕ ವರ್ಷ ಆತು. ವಿಭೂತಿ ಬಡದು ಮುಚ್ಚಿದ್ದೆ. ಈ ನೀರ ನೀವು ಕುಡೀಬ್ಯಾಡ್ರಿ."

ಅಂಗಳದಲ್ಲಿ ಕೂತವರೆಲ್ಲ ಕತ್ತು ಚಾಚಿ ನನ್ನ ಕಾಲಿನ ಕಡೆ ನೋಡಿದರು. ಈರಪ್ಪ ವ್ಯವಹಾರಸ್ಥ. "ಎಡಗಾಲ ಚಲೋ ಐತೆಲ್ರಿ, ಅದರಿಂದನ ಮುಗಿಸೂಣು" ಎಂದ.

"ಸುಮ್ಮಿರಲೇ ನೀ" ಎಂದಳು ನೀಲವ್ವ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನನಗ ಹೇಸಿಕಿ ಬಂದಿಲ್ರಿ ಅಯ್ಯಾರ. ದಿನಾ ಶೆಗಣಿ ಬಳ್ಯಾಕಿ ನಾನು, ನನಗೆಲ್ಲಿ ಹೇಸಿಕಿ? ಹೇಸಿಕಿ ನಿಮಗ ಬಂದೈತಿ. ಕೊಡಾಕ ಮನಸಿಲ್ಲದ್ದನ್ನ ನಾ ಹೆಂಗ ತಗೊಳ್ಳಲಿ? ಹೋಗಿ ಉಗುರ ನೆಟ್ಟಗ ಮಾಡ್ಕೊಂಡ ಬರ್ರಿ. ನೀವಾಗಿ ಕಾಲ ಮುಂದ ಚಾಚಿದ ದಿನಾ ಮನಿ ಹೊಗೂಣು."

"ಬ್ಯಾರೆ ಅಯ್ಯಾರನ್ನ ಕರಸ್ರಿ ಯವ್ವಾ. ನನ್ನ ಸಲುವಾಗಿ ಮನಿ ನಿಲ್ಲೂದ ಬ್ಯಾಡ."

"ಅಪ್ಪಾರು ನಿಮ್ಮನ್ನ ಕಳಸ್ತೇನಿ ಅಂತ ಮಾತ ಕೊಟ್ಟಾರ. ಬ್ಯಾರೇದವ್ರನ್ನಲ್ಲ."

ಹೊಸ ಮನೆಯ ಕೀಲಿಕೈ ಅವಳ ಸೆರಗಿನ ಗಂಟಿನಲ್ಲೇ ಉಳಿಯಿತು. ಹಳೆಯ ಮನೆಯಲ್ಲಿ ಎಲ್ಲರಿಗೂ ಊಟಕ್ಕೆ ಹಾಕಿದರು. ನಾನು ತಲೆ ತಗ್ಗಿಸಿಕೊಂಡೇ ನಾಲ್ಕು ಹೋಳಿಗೆ ತಿಂದೆ, ಬೇಡ ಎನ್ನಲು ಬಾಯಿ ಬರಲಿಲ್ಲ.

ನಿಜ ಹೇಳಿಬಿಡುತ್ತೇನೆ. ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಹಗುರಾಗಿತ್ತು. ಉಗುರು ವಾಸಿಯಾಗುವವರೆಗೆ ಯಾರೂ ನನ್ನ ಕಾಲಿಗೆ ಬೀಳುವಂತಿಲ್ಲ. ಪರೀಕ್ಷೆ, ಪೇಪರುಗಳಿಗಿಂತ ಗಟ್ಟಿಯಾದ ನೆಪ ಸಿಕ್ಕಿತ್ತು. ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ.

"ಹೇಳಿದ್ದು ಚಲೋ ಮಾಡಿದಿ" ಎಂದರು. "ಆದ್ರ ನಾಲ್ಕ ವರ್ಷ ಕಾಲ ನೋಡಿಕೊಳ್ಳಲಿಲ್ಲಲ್ಲ, ಅದು ತಪ್ಪು. ನಮ್ಮ ಕಾಲು ನಮ್ಮವಲ್ಲೋ. ಮಂದೀವು. ತೊಳದು ಇಟ್ಟುಕೊಳ್ಳೂದಷ್ಟ ನಮ್ಮ ಕೆಲಸ."

ಡಾಕ್ಟರರಿಗೆ ತೋರಿಸಿದೆ. ಅವರು ಟಾರ್ಚು ಬಿಟ್ಟು ನೋಡಿ, ಗುಳಿಗೆ ಇದೆ, ಆದರೆ ಹಿಂದೆ ನನಗೆ ಕಾಮಾಲೆ ಆಗಿದ್ದರಿಂದ ಲಿವರಿಗೆ ಭಾರವಾದೀತು ಎಂದರು. "ಮನ್ಯಾಗ ಮಾಡ್ಕೋರಿ. ಒಣಾ ಇಡ್ರಿ, ಕೆಟ್ಟದ್ದನ್ನ ತಗೀತಾ ಹೋಗ್ರಿ. ಹೊಸ ಉಗುರು ಬುಡದಿಂದ ಬರಬೇಕು. ವರ್ಷ ಹಿಡೀತೈತಿ." ವರ್ಷ ಎಂದಾಗ ನನಗೆ ಉಗುರು ನೆನಪಾಗಲಿಲ್ಲ. ಬೀಗ ಹಾಕಿದ ಬಾಗಿಲು, ಅದರ ಮೇಲೆ ಒಣಗುತ್ತಿರುವ ಮಾವಿನೆಲೆ ನೆನಪಾದವು. ಬಸ್ಸಿನಲ್ಲಿ ಬಂದಿದ್ದ ಹಗುರ ಅಲ್ಲಿಗೆ ಇಳಿದುಹೋಯಿತು.

ಕೆಟ್ಟದ್ದನ್ನು ತೆಗೆಯುವುದು ಹೇಗೆ? ಆ ಉಗುರಿಗೆ ನನ್ನ ಉಗುರುಕತ್ತರಿ ಹಲ್ಲು ಮುರಿದುಕೊಂಡಿತ್ತು. ಆಗ ನೆನಪಾದವನು ದನದ ಪೇಟೆಯ ಹಸನಸಾಬ. ಎತ್ತುಗಳಿಗೆ ನಾಲು ಹೊಡೆಯುವ ನಾಲಬಂದ. ಊರಿನಲ್ಲಿ ಉಗುರಿನ ಬಗ್ಗೆ ಅವನಿಗಿಂತ ಬಲ್ಲವರು ಯಾರಿದ್ದಾರೆ? ನಾನು ಹೋದಾಗ ಒಂದು ಎತ್ತನ್ನು ಕೆಡವಿ ನಾಲ್ಕು ಕಾಲು ಕಟ್ಟಿ ಗೊರಸು ಹೆರೆಯುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಮೆಲ್ಲಗೆ ಕಾಲುಚೀಲ ತೆಗೆದೆ. ಅವನು ಮುಖ ಸಿಂಡರಿಸಲಿಲ್ಲ. "ಕಾಲ ಕೊಡ್ರಿ" ಎಂದು ರೂಢಿಯಂತೆ ನನ್ನ ಕಾಲನ್ನು ಮಂಡಿಯಿಂದ ಹಿಂದಕ್ಕೆ ಮಡಚಿ ಹಿಡಿದ. ನಾನು ಮುಗ್ಗರಿಸಿ, ಮಲಗಿದ್ದ ಎತ್ತಿನ ಬೆನ್ನಿಗೆ ಕೈ ಊರಿ ಬೀಳದೆ ಉಳಿದೆ.

"ನೀರ ಹಿಡದೈತ್ರಿ ಸರ್. ಎತ್ತಿಗೂ ಹಿಂಗ ಆಗತೈತಿ, ರಾಡ್ಯಾಗ ನಿಂತ್ರ. ಕತ್ತರಿ ಬ್ಯಾಡ, ಕಾನಸಲೇ ತಿಕ್ರಿ. ದಿನಾ ಚೂರ ಚೂರ. ಅವಸರ ಮಾಡಿದ್ರ ರಕ್ತ ಬರತೈತಿ."

"ಎತ್ತಿಗೆ ಎಷ್ಟ ದಿನಕ್ಕ ಹೊಸಾದು ಬರತೈತಿ?"

"ಬರೂದು ಗೊತ್ತೇ ಆಗೂದಿಲ್ರಿ. ನೋಡಕೋತ ಕುಂತ್ರ ಬರೂದಿಲ್ಲ. ಎತ್ತು ನೋಡಕೋತ ಕುಂಡ್ರೂದಿಲ್ಲಲ್ರಿ, ಹಂಗಾಗಿ ಅದಕ್ಕ ಲಗೂನ ಬರತೈತಿ."

ನಾನು ಎತ್ತಲ್ಲ, ನೋಡುತ್ತ ಕೂತೆ. ಪೇಟೆಯಿಂದ ಸಣ್ಣ ಹಲ್ಲಿನ ಚಪ್ಪಟೆ ಕಾನಸು, ಅಂದರೆ ಕಬ್ಬಿಣ ಉಜ್ಜುವ ಅರ, ತಂದೆ. ವಿನೆಗರ್ ನೀರಿನಲ್ಲಿ ಕಾಲು ನೆನೆಸಿದರೆ ಬೂಷ್ಟಿಗೆ ಆಗಿಬರುವುದಿಲ್ಲ ಎಂದು ಎಲ್ಲೋ ಓದಿದ್ದೆ. ಆಗಷ್ಟೇ ನಮ್ಮ ಬಸ್ ಸ್ಟ್ಯಾಂಡಿನ ಎದುರು ಗೋಬಿ ಮಂಚೂರಿಯ ಗಾಡಿ ಬಂದಿತ್ತು. ಗಾಡಿಯವನು ವಿನೆಗರ್ ತರಿಸುವ ಅಂಗಡಿಯಿಂದಲೇ ನಾನೂ ಬಾಟಲಿ ತಂದೆ. ನೀಲಿ ಬೋಗುಣಿ ಆಗ ಮನೆ ಸೇರಿತು. ಸಂಜೆ ಬಂದ ಕೂಡಲೇ ಒಂದು ಪಾಲು ವಿನೆಗರ್, ಎರಡು ಪಾಲು ನೀರು, ಇಪ್ಪತ್ತು ನಿಮಿಷ. ಬೇರೆಯೇ ಬಟ್ಟೆಯಲ್ಲಿ ಒರೆಸುವುದು, ಕಾನಸಿನಿಂದ ತಿಕ್ಕುವುದು, ಬೇವಿನೆಣ್ಣೆಯ ಒಂದು ಹನಿ. ಬೂಟು ಬಿಟ್ಟು ಚಪ್ಪಲಿ ಹಾಕಲು ಹೆಡ್ ಮಾಸ್ತರರಿಗೆ ಅರ್ಜಿ ಕೊಟ್ಟೆ. ಅವರು ಕಾರಣ ಓದಿ ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿಕೊಂಡು ಸಹಿ ಹಾಕಿದರು. "ಮನಿ ತುಂಬ ಉಪ್ಪಿನಕಾಯಿ ವಾಸನಿ. ಉಪ್ಪಿನಕಾಯಿ ಮಾತ್ರ ಇಲ್ಲ" ಎಂಬುದು ಗಿರಿಜಾಳ ದೂರು.

ಆ ವರ್ಷ ನನಗೊಂದು ಹುಚ್ಚು ಹಿಡಿಯಿತು. ಉಗುರು ಹೇಗೆ ಬೆಳೆಯುತ್ತದೆ ನೋಡಬೇಕು. ಬುಡದ ಹತ್ತಿರ ಕಾನಸಿನ ಅಂಚಿನಿಂದ ಒಂದು ಸಣ್ಣ ಗೆರೆ ಎಳೆದೆ. ಪ್ರತಿ ತಿಂಗಳ ಮೊದಲ ಭಾನುವಾರ ಕಂಪಾಸ್ ಪೆಟ್ಟಿಗೆಯ ಮುಳ್ಳುಕಾಲಿನಿಂದ ಅಳೆದು ಪ್ರಯೋಗಶಾಲೆಯ ವಹಿಯಲ್ಲಿ ಚಿತ್ರ ಬರೆದೆ. ಗೆರೆ ತಿಂಗಳಿಗೆ ಅರ್ಧ ಜೋಳದ ಕಾಳಿನಷ್ಟೂ ಮುಂದೆ ಹೋಗುತ್ತಿರಲಿಲ್ಲ. ಆದರೆ ಹೋಗುತ್ತಿತ್ತು. ನಾನು ಪಾಠ ಮಾಡುವಾಗ, ಬಸ್ಸಿನಲ್ಲಿ ತೂಕಡಿಸುವಾಗ, ಗಿರಿಜಾಳ ಜೊತೆ ಜಗಳವಾಡುವಾಗ ಅದು ತನ್ನ ಪಾಡಿಗೆ ನಡೆದಿತ್ತು. ಗೆರೆಯ ಹಿಂದೆ ಬುಡದಲ್ಲಿ ತೆಳ್ಳಗೆ, ಗುಲಾಬಿ ಬಣ್ಣದ ಹೊಸ ಉಗುರು ಕಾಣಿಸಿದ ದಿನ ಅಪ್ಪನ ಮಂಚದ ಹತ್ತಿರ ಹೋಗಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಹ್ಞಾಂ, ಇದ್ದಾನ ಪುಣ್ಯಾತ್ಮ" ಎಂದರು. ಬಸ್ಸಿನಲ್ಲಿ ಜನರ ಮುಖ ನೋಡುವುದು ಬಿಟ್ಟೆ. ಹತ್ತಿ ಪೇಟೆಯ ಹಮಾಲರ ಅಗಲ ಪಾದ, ಹೊಸ ಮದುಮಗಳ ಕಾಲುಂಗುರದ ಬೆರಳು, ಕಂಡಕ್ಟರನ ಒಡೆದ ಹಿಮ್ಮಡಿ, ಯಾವ ಕಾಲೂ ನನ್ನಿಂದ ತಪ್ಪಿಸಿಕೊಳ್ಳಲಿಲ್ಲ.

ಕಂಡಕ್ಟರ್ ಎಂದೆನಲ್ಲ. ರಾಮದುರ್ಗದ ಬಸ್ಸಿನ ಒಬ್ಬ ಕಂಡಕ್ಟರ್ ತೊರಗಲ್ಲಿನವನು. ತಿಂಗಳಿಗೊಮ್ಮೆ ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ನನ್ನನ್ನು ಹುಡುಕಿ, ಬಸ್ಸಿನ ಬಾಗಿಲಲ್ಲಿ ನಿಂತೇ ಕೂಗುತ್ತಿದ್ದ.

"ಸರ್, ನೀಲವ್ವ ಕೇಳ್ಯಾಳ್ರಿ, ಉಗುರು ಎಲ್ಲೀ ಮಟಾ ಬಂತು ಅಂತ."

"ಅರ್ಧಕ್ಕ ಬಂದೈತಿ ಅಂತ ಹೇಳ್ರಿ."

ಸುತ್ತಲಿನವರು ಈ ಉಗುರು ಎಂಬುದು ಯಾವ ಊರು, ಎಷ್ಟು ದೂರ ಎಂಬಂತೆ ನೋಡುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ ಈರಪ್ಪ ತಾನೇ ಬಂದ. ಮುಖ ಸಪ್ಪಗಿತ್ತು. ಮಳೆಗಾಲ ಪೂರ್ತಿ ಹಳೆಯ ಮನೆಯ ಮಣ್ಣಿನ ಮೇಲ್ಮುದ್ದೆ ಮಾಳಿಗೆ ಸೋರಿತ್ತು. ಅವ್ವನಿಗೆ ಚಳಿಗಾಲದಲ್ಲಿ ಎರಡು ಸಲ ಜ್ವರ ಬಂದು ಹೋಗಿತ್ತು, ಗೋಡೆಯ ತಂಪಿಗೆ ಕೆಮ್ಮು ಬಿಟ್ಟಿರಲಿಲ್ಲ. ಆದರೂ ಕೀಲಿಕೈ ಕೊಡುತ್ತಿಲ್ಲ.

"ಮಂದಿ ಅದಕ್ಕ ಉಗುರಿನ ಮನಿ ಅಂತ ಹೆಸರ ಇಟ್ಟಾರ್ರಿ. ಹೋಗ್ಲಿ, ಅನ್ಲಿ. ಆದ್ರ ಅವ್ವಗ ಎಂಬತ್ತಾತು. ನಿಮ್ಮ ಉಗುರು ಬರೂದ್ರಾಗ ಆಕಿ..." ಅವನು ಶಲ್ಯದಿಂದ ಮುಖ ಒರೆಸಿಕೊಂಡ. "ಬ್ಯಾರೆ ಅಯ್ಯಾರು ಬಂದ್ರೂ ನಡೀತೈತಿ ಅಂತ ಒಂದ ಚೀಟಿ ಬರದ ಕೊಡ್ರಿ."

ಬರೆದು ಕೊಟ್ಟೆ. ಅಪ್ಪನ ಸಹಿಯನ್ನೂ ಹಾಕಿಸಿದೆ. ಎಂಟು ದಿನದ ಮೇಲೆ ಕಂಡಕ್ಟರನ ಬಾಯಲ್ಲಿ ಉತ್ತರ ಬಂತು: "ಕೀಲಿ ನನ್ನ ಸೆರಗಿನ್ಯಾಗ ಐತಿ, ಉಗುರು ಅವರ ಕಾಲಾಗ ಐತಿ. ಇಬ್ಬರೂ ಕಾಯೂಣು ಅಂತ ಹೇಳ್ಯಾಳ್ರಿ."

ಅಂದಿನಿಂದ ನನಗೆ ಭಯ ಸುರುವಾಯಿತು. ಮೊದಲು ಕುತೂಹಲಕ್ಕೆ ಅಳೆಯುತ್ತಿದ್ದವನು ಈಗ ಹೆದರಿಕೆಯಿಂದ ಅಳೆಯತೊಡಗಿದೆ. ನನ್ನ ಹೆಬ್ಬೆರಳಿಗಾಗಿ ಒಂದು ಜೀವ ಬಾಗಿಲ ಹೊರಗೆ ನಿಂತಿದೆ ಅನಿಸುತ್ತಿತ್ತು. ಅವಸರಕ್ಕೆ ಬಿದ್ದು ಒಂದು ಸಂಜೆ ಜೋರಾಗಿ ತಿಕ್ಕಿದೆ. ಹಸನಸಾಬ ಹೇಳಿದಂತೆ ರಕ್ತ ಬಂತು, ಕೀವಾಯಿತು, ಹದಿನೈದು ದಿನ ಕಾನಸು ಮುಟ್ಟುವಂತಿರಲಿಲ್ಲ. ಉಗುರಿಗೆ ನಮ್ಮ ಅವಸರ ತಿಳಿಯುವುದಿಲ್ಲ. ಹಾಗೆಂದು ಅದು ಸುಮ್ಮನೆ ಕೂರುವುದೂ ಇಲ್ಲ. ಮುಂದಿನ ಆಷಾಢದ ಹೊತ್ತಿಗೆ ಗೆರೆ ತುದಿ ಮುಟ್ಟಿತು. ಹಳದಿಯ ಕೊನೆಯ ಚೂರನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿ ಒಲೆಗೆ ಹಾಕಿದೆ. ವಾಸಿ ಮಾಡಿದ್ದು ವಿನೆಗರೋ ಬೇವೋ ಕಾನಸೋ ಚಪ್ಪಲಿಯೋ, ಇಂದಿಗೂ ನನಗೆ ಗೊತ್ತಿಲ್ಲ.

ಶ್ರಾವಣದ ಮೊದಲ ಸೋಮವಾರ ತೊರಗಲ್ಲಿಗೆ ಹೋದೆ. ನೀಲವ್ವ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕಣ್ಣು ಪೂರ್ತಿ ಹೋಗಿತ್ತು. ಈರಪ್ಪ ಕೈ ಹಿಡಿದು ತಂದು ಕೂರಿಸಿದ. ಪರಾತ ಇನ್ನೂ ದೂರವಿದ್ದಾಗಲೇ ನಾನು ಕಾಲು ಮುಂದೆ ಚಾಚಿ ಇಟ್ಟೆ. ಅವಳು ಎಡಗಾಲು ತೊಳೆದಳು, ಬಲಗಾಲು ತೊಳೆದಳು. ಹೆಬ್ಬೆರಳಿನ ಉಗುರನ್ನು ಬುಡದಿಂದ ತುದಿಯವರೆಗೆ ಒಮ್ಮೆ ಸವರಿ, "ಹ್ಞಾಂ" ಎಂದಳು. ನೀರು ಬಿಟ್ಟು ಅಂಗೈಯಲ್ಲಿ ಹಿಡಿದು ಕುಡಿದಳು. ನನಗೆ ಸಂಕೋಚ ಆಗಲಿಲ್ಲ.

ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟಳು. ಬಾಗಿಲು ತೆರೆಯಿತು. ನಾನು ಮುಂದೆ, ಅವಳು ನನ್ನ ಹಿಂದೆ. ಹೊಸ್ತಿಲು ದಾಟಲು ಕಾಲೆತ್ತಿದವಳು ಒಮ್ಮೆಲೇ ಮುಗ್ಗರಿಸಿದಳು. ತಿರುಗಿ ಹಿಡಿದುಕೊಂಡೆ. ಹೊಸ ಸೀರೆಯ ಅಂಚು ಅವಳ ಕಾಲಿಗೆ ಸಿಕ್ಕಿತ್ತು. ಬಿಡಿಸಲು ಬಗ್ಗಿದೆ.

ಸಿಕ್ಕಿದ್ದು ಉಗುರಿಗೆ. ಹೆಬ್ಬೆರಳಿನ ಉಗುರು ಆಡಿನ ಕೋಡಿನ ಹಾಗೆ ದಪ್ಪವಾಗಿ, ಕಪ್ಪಾಗಿ, ಪಕ್ಕದ ಬೆರಳಿನ ಮೇಲೆ ಹೊರಳಿತ್ತು. ಉಳಿದವೂ ಹಾಗೆಯೇ. ಹತ್ತಕ್ಕೆ ಹತ್ತೂ.

"ಯವ್ವಾ, ಇದೇನ್ರಿ?"

"ಅದೇನಿಲ್ರಿ. ಶೆಗಣಿ, ನೀರು, ರಾಡಿ. ಮುಪ್ಪಿಗೆ ಹಂಗ ಆಗತಾವ." ಅವಳು ಸೀರೆಯ ನೆರಿಗೆ ಇಳಿಬಿಟ್ಟಳು.

"ನೋವ ಆಗತೈತೇನ್ರಿ?"

"ಚಪ್ಪಲಿ ಮೆಟ್ಟಾಕ ಬರೂದಿಲ್ರಿ. ಹತ್ತ ವರ್ಷಾತು ಬರಿಗಾಲ್ಲೆ ಅಡ್ಡಾಡತೇನಿ. ರೂಢಿ ಆಗೇತಿ."

ಒಂದು ವರ್ಷ ನಾನು ಸಿಕ್ಕವರ ಕಾಲೆಲ್ಲ ನೋಡಿದ್ದೆ, ನನ್ನ ಒಂದು ಉಗುರಿಗೆ ಒಂದು ವಹಿ ತುಂಬಿಸಿದ್ದೆ. ತಿಂಗಳು ತಿಂಗಳು ನನ್ನ ಉಗುರು ವಿಚಾರಿಸಿದವಳ ಕಾಲು ಹೇಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಬಿಸಿನೀರು ತರಲು ಈರಪ್ಪನಿಗೆ ಹೇಳಿದೆ. ಬಾಗಿಲ ಬಡಿಗರು ಬಿಟ್ಟುಹೋದ ಪಾಲಿಶ್ ಕಾಗದ, ಕಟ್ಟಿಗೆ ತಿಕ್ಕುವ ಉಸುಕಿನ ಕಾಗದ, ಕಿಟಕಿಯ ಮೇಲೆ ವರ್ಷದಿಂದ ಹಾಗೇ ಬಿದ್ದಿತ್ತು. ಹೊಸ ಹಾಳೆ. ಹರಿದು ಸಣ್ಣ ತುಂಡು ಮಾಡಿಕೊಂಡೆ. ಪಡಸಾಲೆಯ ಗೋಡೆಗೆ ಒರಗಿಸಿ ನೀಲವ್ವನನ್ನು ಕೂರಿಸಿ ಅವಳೆದುರು ನೆಲದ ಮೇಲೆ ಕುಳಿತೆ.

"ಕಾಲ ಕೊಡ್ರಿ."

"ಶಿವಾ ಶಿವಾ. ಬ್ಯಾಡ್ರಿ ಅಯ್ಯಾರ. ನಿಮ್ಮ ಕೈಲೆ ಕಾಲ ಮುಟ್ಟಿಸಿಕೊಂಡ್ರ ನನಗ ಎಲ್ಲೀ ಜಾಗಾ? ಸೊಸಿ ಮಾಡ್ತಾಳ ಬಿಡ್ರಿ."

"ಸೊಸಿಗೆ ಬರೂದಿಲ್ಲ. ನಾ ವರ್ಷಗಟ್ಲೆ ಕಲ್ತೇನಿ."

ಅವಳು ತಲೆ ಅಲ್ಲಾಡಿಸಿದಳು. ಎಂಬತ್ತು ವರ್ಷದ ಹಟ, ಒಂದು ವರ್ಷ ಅದರ ರುಚಿ ನೋಡಿದ್ದೆ. ಜೀವಮಾನದಲ್ಲಿ ಅಯ್ಯತನದ ಅಧಿಕಾರ ನಡೆಸದವನು ಅಂದು ಮೊದಲ ಸಲ ದನಿ ಗಟ್ಟಿ ಮಾಡಿದೆ. "ಯವ್ವಾ, ನಾನು ಈ ಮನಿ ಅಯ್ಯ ಹೌದೋ ಅಲ್ಲೋ?"

"ಹೌದ್ರಿ."

"ಹಂಗಾರ ಅಯ್ಯಾನ ಅಪ್ಪಣಿ ಐತಿ. ಕಾಲ ಮುಂದ ಮಾಡ್ರಿ."

ಬಹಳ ಹೊತ್ತಿನ ಮೇಲೆ ಬಲಗಾಲು ಸೀರೆಯ ಕೆಳಗಿನಿಂದ ನಾಲ್ಕು ಬೆರಳಷ್ಟು ಹೊರಗೆ ಬಂತು. ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಬಿಸಿನೀರಿನಲ್ಲಿ ನೆನೆಸಿ, ಒರೆಸಿ, ಕಾಗದದಿಂದ ಮೆಲ್ಲಗೆ ತಿಕ್ಕತೊಡಗಿದೆ. ಬಿಳಿ ಪುಡಿ ನನ್ನ ಮಡಿ ಧೋತರದ ಮೇಲೆ ಉದುರಿತು. ಈರಪ್ಪ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. ನೀಲವ್ವ ಕಣ್ಣು ಮುಚ್ಚಿಕೊಂಡಿದ್ದಳು. ಕಾಲು ಮೊದಲು ಬಿಗಿಯಾಗಿತ್ತು, ಆಮೇಲೆ ಸಡಿಲಾಯಿತು.

"ಪೂರಾ ಹೊಸಾದು ಬರಾಕ ಎಷ್ಟ ದಿನ ಬೇಕ್ರಿ?" ಎಂದಳು.

"ನನಗ ಒಂದ ವರ್ಷ ಆತು. ನಿಮ್ಮ ವಯಸ್ಸಿಗೆ ಒಂದೂವರಿ ಆಗಬಹುದು. ನಾ ತಿಂಗಳಿಗೊಮ್ಮೆ ಬರತೇನಿ."

"ಅಷ್ಟ ದಿನ ನಾ ಎಲ್ಲಿ ಬದುಕಿರತೇನ್ರಿ" ಎನ್ನುತ್ತಾಳೆ ಎಂದು ಕಾದೆ. ಅವಳು ಬೆರಳಿನ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದಳು. ಶ್ರಾವಣ, ಭಾದ್ರಪದ ಎಂದು ತುಟಿ ಆಡುತ್ತಿದ್ದವು. ಎಣಿಸಿ ಮುಗಿಸಿ, ಸೀರೆಯ ಕೆಳಗಿನಿಂದ ಎಡಗಾಲನ್ನು ತಾನೇ ಹೊರಗೆ ತೆಗೆದು ನನ್ನ ಮುಂದಿಟ್ಟಳು.

"ಹಂಗಾರ ಇದನ್ನೂ ಇವತ್ತ ಹಿಡೀರಿ ಅಯ್ಯಾರ. ಎರಡೂ ಕೂಡೇ ಮುಗೀಲಿ."